‘ನೆಟ್ಟಗೆ ಕೂತುಕೊ’ ಎಂದರೆ ಸಾಲದು: ಬಾಗಿದ ಮೇಲ್ಬೆನ್ನು ಮತ್ತು ಅಂಗಸ್ಥಿತಿಯ ಅರಿವು

ಕಾಸರಗೋಡಿನ ಕಡೆಯ ಶಾಲೆಯಲ್ಲಿ ಅದು ‘ಸರ್ತ ಕೂತುಕೊ’ ಎಂದಾಗಿರುತ್ತದೆ. ಅಕ್ಕಲಕೋಟೆ, ಜತ್ತದ ಕಡೆ ‘ನೆಟ್ಟಗ ಕುಂದ್ರು’ ಎಂದು. ತಾಳವಾಡಿಯಲ್ಲಿ ‘ನೆಟ್ಟಗೆ ಕೂತ್ಕೊ’ ಎಂದು. ಮಾತಿನ ರೂಪ ಬೇರೆಯಾದರೂ ಫಲ ಎಲ್ಲೆಡೆಯೂ ಒಂದೇ. ಗುರುಗಳ ಧ್ವನಿ ಕಿವಿಗೆ ಬಿದ್ದೊಡನೆ ಹುಡುಗನು ಎದೆಯುಬ್ಬಿಸಿ, ಸೊಂಟವನ್ನು ಒಳಕ್ಕೆ ಬಾಗಿಸಿ, ಉಸಿರು ಬಿಗಿಹಿಡಿದು ಕುಳಿತುಕೊಳ್ಳುತ್ತಾನೆ. ಕಪ್ಪುಹಲಗೆಯ ಮೇಲೆ ಎರಡು ಸಾಲು ಬರೆದು ತಿರುಗುವಷ್ಟರಲ್ಲಿ ಅವನ ಬೆನ್ನು ಮತ್ತೆ ಬಿಲ್ಲಿನಂತಾಗಿರುತ್ತದೆ. ಮೂರನೆಯ ಸಲ ಹೇಳುವಾಗ ಧ್ವನಿಯಲ್ಲಿ ಸಿಟ್ಟು ಸೇರುತ್ತದೆ. ನಾಲ್ಕನೆಯ ಸಲಕ್ಕೆ ತರಗತಿ ನಗುತ್ತದೆ. ಆ ಹೊತ್ತಿಗೆ ಹುಡುಗನಿಗೆ ಹಟಮಾರಿ ಎಂದೋ ಸೋಮಾರಿ ಎಂದೋ ಒಂದು ಹೆಸರು ಅಂಟಿಕೊಂಡಿರುತ್ತದೆ.

ಬಹುಪಾಲು ಸಂದರ್ಭಗಳಲ್ಲಿ ಅವನು ಎರಡೂ ಅಲ್ಲ. ಅವನನ್ನು ಎಬ್ಬಿಸಿ, ಕಣ್ಣು ಮುಚ್ಚಿಸಿ, ‘ನಿನಗೆ ನೇರವೆಂದು ತೋರುವಂತೆ ನಿಲ್ಲು’ ಎಂದು ಹೇಳಿ ಪಕ್ಕದಿಂದ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ತಲೆ ಭುಜಕ್ಕಿಂತ ಮುಂದಿರುತ್ತದೆ, ಭುಜಗಳು ಎದೆಯ ಕಡೆಗೆ ಸುತ್ತಿಕೊಂಡಿರುತ್ತವೆ, ಮೇಲ್ಬೆನ್ನು ದುಂಡಗಿರುತ್ತದೆ. ಅವನಾದರೋ ತಾನು ನೇರವಾಗಿಯೇ ನಿಂತಿದ್ದೇನೆಂದು ಪ್ರಾಮಾಣಿಕವಾಗಿ ನಂಬಿರುತ್ತಾನೆ. ಬೇರೆಯವರು ಕೈಹಿಡಿದು ನಿಜವಾಗಿಯೂ ನೇರಗೊಳಿಸಿದರೆ, ‘ಹಿಂದಕ್ಕೆ ಬೀಳುವ ಹಾಗಾಗುತ್ತದೆ’ ಎನ್ನುತ್ತಾನೆ. ಅವನಲ್ಲಿ ಕೊರತೆಯಿರುವುದು ವಿಧೇಯತೆಗಲ್ಲ, ಮಾಹಿತಿಗೆ. ದೇಹ ಎಲ್ಲಿದೆ ಎಂದು ಒಳಗಿನಿಂದ ತಿಳಿಸುವ ಅಳತೆಗೋಲೇ ಓರೆಯಾಗಿರುವಾಗ ಆಜ್ಞೆಯಿಂದ ಅದು ಸರಿಹೋಗುವುದಿಲ್ಲ. ಮುಳ್ಳು ಓರೆಯಾದ ತಕ್ಕಡಿಯಲ್ಲಿ ಎಷ್ಟು ಸಲ ತೂಗಿದರೂ ತೂಕ ತಪ್ಪೇ ಬರುವಂತೆ ಇದು.

ಒಳಗಿನ ಅಳತೆಗೋಲು

ಕತ್ತಲೆಯಲ್ಲಿ ಉಣ್ಣುವವನ ತುತ್ತು ಬಾಯಿಗೇ ಹೋಗುತ್ತದೆ. ಮೆಟ್ಟಿಲು ಇಳಿಯುವವಳು ಪ್ರತಿ ಹೆಜ್ಜೆಗೂ ಕಾಲನ್ನು ನೋಡಿಕೊಳ್ಳುವುದಿಲ್ಲ. ಕೈಕಾಲುಗಳು, ಕುತ್ತಿಗೆ, ಬೆನ್ನು ಈಗ ಎಲ್ಲಿವೆ, ಎಷ್ಟು ಬಾಗಿವೆ, ಎತ್ತ ಚಲಿಸುತ್ತಿವೆ ಎಂಬುದನ್ನು ಕಣ್ಣಿನ ನೆರವಿಲ್ಲದೆ ತಿಳಿಯುವ ಈ ಶಕ್ತಿಗೆ ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಪ್ರೊಪ್ರಿಯೊಸೆಪ್ಶನ್ ಎಂಬ ಹೆಸರನ್ನು ಬಳಕೆಗೆ ತಂದರು. ‘ತನ್ನದು’ ಎಂಬ ಅರ್ಥದ ಲ್ಯಾಟಿನ್ ಪದ ಅದರ ಮೂಲದಲ್ಲಿದೆ. ಕನ್ನಡದಲ್ಲಿ ಇದನ್ನು ಅಂಗಸ್ಥಿತಿಯ ಅರಿವು ಎನ್ನಬಹುದು. ನರಕೋಶಗಳ ಕಾರ್ಯವನ್ನು ಕುರಿತ ಶೋಧಗಳಿಗಾಗಿ ಶೆರಿಂಗ್ಟನ್ನರಿಗೆ 1932ರಲ್ಲಿ ಎಡ್ಗರ್ ಏಡ್ರಿಯನ್ನರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಪಂಚೇಂದ್ರಿಯಗಳ ಪಾಠವನ್ನು ಪ್ರತಿವರ್ಷ ಮಾಡುವ ಶಿಕ್ಷಕರು ಆ ಐದರ ಪಟ್ಟಿಗೆ ಸೇರದ ಈ ಅರಿವನ್ನೂ ಒಂದು ಮಾತು ಹೇಳಿ ಪಾಠ ಮುಗಿಸಿದರೆ ಒಳ್ಳೆಯದು. ಕಣ್ಣು ಮುಚ್ಚಿ ತೋರುಬೆರಳಿನಿಂದ ಮೂಗಿನ ತುದಿ ಮುಟ್ಟುವ ಆಟವೇ ಅದಕ್ಕೆ ಸಾಕಾದ ಪ್ರಯೋಗ.

ಈ ಅರಿವಿನ ವರದಿಗಾರರು ಸ್ನಾಯುಗಳ ಒಳಗೇ ಇದ್ದಾರೆ. ನೂಲುವ ಕದಿರಿನಂತೆ ನಡುವೆ ಉಬ್ಬಿ ತುದಿಗಳಲ್ಲಿ ಸಣ್ಣಗಾಗುವ ಸೂಕ್ಷ್ಮ ರಚನೆಗಳು ಸ್ನಾಯುವಿನ ಎಳೆಗಳ ನಡುವೆ ಹುದುಗಿದ್ದು, ಸ್ನಾಯು ಎಷ್ಟು ಉದ್ದವಾಗಿದೆ, ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬುದನ್ನು ಮೆದುಳಿಗೆ ತಿಳಿಸುತ್ತವೆ. ಸ್ನಾಯುವನ್ನು ಎಲುಬಿಗೆ ಬಿಗಿಯುವ ರಜ್ಜುಗಳಲ್ಲಿ ಎಳೆತದ ಬಲವನ್ನು ತಿಳಿಸುವ ಬೇರೆ ಗ್ರಾಹಕಗಳಿವೆ. ಕೀಲುಗಳಲ್ಲಿಯೂ ಅಂಗಾಲಿನ ಚರ್ಮದಲ್ಲಿಯೂ ಇನ್ನೂ ಕೆಲವಿವೆ. ತಲೆಬುರುಡೆಯ ಬುಡದಲ್ಲಿ, ಕುತ್ತಿಗೆಯ ಮೇಲ್ತುದಿಯಲ್ಲಿರುವ ಪುಟ್ಟ ಸ್ನಾಯುಗಳಲ್ಲಿ ಕದಿರುಗಳು ವಿಶೇಷವಾಗಿ ದಟ್ಟವಾಗಿವೆ. ತಲೆ ಮುಂದಕ್ಕೆ ಚಾಚಿಕೊಂಡಾಗ ಕುಗ್ಗಿ ಬಿಗಿಯಾಗುವುದು ಅವೇ.

ಒಳಗಿನ ಈ ವರದಿಯೊಡನೆ ಕಣ್ಣಿನ ವರದಿಯೂ ಒಳಕಿವಿಯ ವರದಿಯೂ ಸೇರುತ್ತವೆ. ಒಳಕಿವಿಯ ಮೂರು ಅರ್ಧವರ್ತುಲ ನಾಳಗಳು ತಲೆ ತಿರುಗುವುದನ್ನೂ, ಅವುಗಳ ಬುಡದ ಎರಡು ಚೀಲಗಳು ತಲೆಯ ಓರೆಯನ್ನೂ ತಿಳಿಸುತ್ತವೆ. ಮೆದುಳಿನ ಕಾಂಡವೂ ಅನುಮಸ್ತಿಷ್ಕವೂ ಮೂರನ್ನೂ ಕೂಡಿಸಿ ನೋಡಿ, ನಮ್ಮ ಗಮನಕ್ಕೆ ಬಾರದಂತೆಯೇ ಸ್ನಾಯುಗಳಿಗೆ ಅಪ್ಪಣೆ ಕೊಡುತ್ತಿರುತ್ತವೆ. ಹೀಗೆ ನಿಲ್ಲುವುದೆಂದರೆ ಒಂದು ಭಂಗಿಯಲ್ಲ; ಎಡೆಬಿಡದೆ ನಡೆಯುವ ಸಣ್ಣಸಣ್ಣ ತಿದ್ದುಪಡಿ. ದಿನಕ್ಕೆ ಐದಾರು ಗಂಟೆ ಪುಸ್ತಕದ ಮೇಲೆ ಬಾಗಿ, ಉಳಿದ ಹೊತ್ತು ಫೋನಿನ ಮೇಲೆ ಬಾಗಿ, ತಿಂಗಳುಗಟ್ಟಲೆ ಅದೇ ವರದಿ ಬರುತ್ತಿದ್ದರೆ ಮೆದುಳು ಬಾಗಿದ ಸ್ಥಿತಿಯನ್ನೇ ನಡುಗೆರೆಯೆಂದು ಎಣಿಸಿಬಿಡುತ್ತದೆ.

ಇದನ್ನು ತನ್ನ ಮೈಯಲ್ಲೇ ಕಂಡುಕೊಂಡವನೊಬ್ಬನ ಕಥೆ ಪ್ರಸಿದ್ಧವಾಗಿದೆ. 1869ರಲ್ಲಿ ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ ಹುಟ್ಟಿದ ಫ್ರೆಡರಿಕ್ ಮಥಾಯಸ್ ಅಲೆಕ್ಸಾಂಡರ್ ರಂಗದ ಮೇಲೆ ಕಾವ್ಯವಾಚನ ಮಾಡುತ್ತಿದ್ದವನು. ವಾಚನದ ನಡುವೆ ಅವನ ಗಂಟಲು ಕಟ್ಟುತ್ತಿತ್ತು. ವೈದ್ಯರ ಔಷಧಿಯಿಂದ ಗುಣ ಕಾಣದೆ, ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ಗಮನಿಸತೊಡಗಿದ. ಮಾತು ಆರಂಭಿಸುವ ಕ್ಷಣದಲ್ಲಿ ತಲೆಯನ್ನು ಹಿಂದಕ್ಕೆ ಎಳೆದು ಕುತ್ತಿಗೆಯನ್ನು ಕುಗ್ಗಿಸುತ್ತಿರುವುದು ಕಂಡಿತು. ಸರಿ, ಇನ್ನು ತಲೆಯನ್ನು ಮುಂದಿಡುತ್ತೇನೆಂದು ನಿಶ್ಚಯಿಸಿ ಅಭ್ಯಾಸ ಮಾಡಿದ. ಮುಂದಿಟ್ಟಿದ್ದೇನೆಂದೇ ಅವನಿಗೆ ಅನ್ನಿಸುತ್ತಿತ್ತು. ಪಕ್ಕಗಳಲ್ಲಿ ಇನ್ನೆರಡು ಕನ್ನಡಿಗಳನ್ನು ನಿಲ್ಲಿಸಿ ನೋಡಿದಾಗ ತಾನು ಮಾಡುತ್ತಿದ್ದುದು ಅದರ ವಿರುದ್ಧವನ್ನೇ ಎಂದು ತಿಳಿದು ಬೆರಗಾದ. 1932ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಇದನ್ನು ವಿವರವಾಗಿ ಬರೆದಿದ್ದಾನೆ. ಅಲೆಕ್ಸಾಂಡರ್ ವೈದ್ಯನಲ್ಲ, ತನ್ನ ಪದ್ಧತಿಯ ವಿಷಯದಲ್ಲಿ ಅವನು ಹೇಳಿಕೊಂಡುದೆಲ್ಲವನ್ನೂ ಒಪ್ಪಬೇಕಾಗಿಲ್ಲ. ಆದರೆ ‘ಅನ್ನಿಸುವುದು’ ಮತ್ತು ‘ಇರುವುದು’ ಬೇರೆಯಾಗಬಲ್ಲವು ಎಂಬ ಅವನ ಕಾಣ್ಕೆ ತರಗತಿಯ ಕೊನೆಯ ಬೆಂಚಿನಲ್ಲಿ ನಿತ್ಯವೂ ಕಾಣಸಿಗುತ್ತದೆ.

ಬೆನ್ನಿನ ಸಹಜ ಬಾಗು

ನೇರವಾದ ಬೆನ್ನು ಎಂಬುದು ಮಾತಿನ ರೂಢಿಯೇ ಹೊರತು ಶರೀರದ ಸಂಗತಿಯಲ್ಲ. ಬೆನ್ನೆಲುಬಿನ ಕಂಬದಲ್ಲಿ 33 ಮಣಿಗಳಿವೆ: ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಕೆಳಗೆ ಬೆಸೆದುಕೊಂಡಿರುವವು 9. ಹುಟ್ಟಿದ ಮಗುವಿನಲ್ಲಿ ಇಡೀ ಕಂಬ ಒಂದೇ ಬಾಗಿನಲ್ಲಿರುತ್ತದೆ. ಕೂಸು ತಲೆಯೆತ್ತತೊಡಗಿದಾಗ ಕುತ್ತಿಗೆಯ ಒಳಬಾಗೂ, ಎದ್ದು ನಿಂತು ನಡೆಯುವಾಗ ಸೊಂಟದ ಒಳಬಾಗೂ ಮೂಡುತ್ತವೆ. ಎದೆಯ ಹಿಂಭಾಗದ ಹೊರಬಾಗು ಮಾತ್ರ ಹುಟ್ಟಿನಿಂದ ಬಂದದ್ದು. ಸಾಮಾನ್ಯವಾಗಿ 20ರಿಂದ 40 ಡಿಗ್ರಿಯಷ್ಟಿರುವ ಅದು ಇರಲೇಬೇಕಾದ ಬಾಗು. ಆದ್ದರಿಂದ ಮಕ್ಕಳ ಬೆನ್ನನ್ನು ಕೋಲಿನಂತೆ ಮಾಡುವುದು ಯಾರ ಗುರಿಯೂ ಆಗಬಾರದು. ಕವಾಯತಿನ ‘ಸಾವಧಾನ್’ ಭಂಗಿಯಲ್ಲಿ ಎದೆಯುಬ್ಬಿಸಿ ನಿಲ್ಲುವ ಹುಡುಗ ಮೇಲ್ಬೆನ್ನಿನ ಬಾಗನ್ನು ತಿದ್ದಿಕೊಂಡಿರುವುದಿಲ್ಲ. ಅದನ್ನು ಸೊಂಟಕ್ಕೆ ಸಾಗಿಸಿರುತ್ತಾನೆ ಅಷ್ಟೆ.

ಬಾಗು ಮಿತಿ ಮೀರಿದಾಗ ಏನಾಗುತ್ತದೆ ಎಂಬುದಕ್ಕೆ ತಲೆಯ ಭಾರವನ್ನು ನೆನೆದರೆ ಸಾಕು. ವಯಸ್ಕರ ತಲೆ ಸುಮಾರು ಐದು ಕಿಲೋಗ್ರಾಂ ತೂಗುತ್ತದೆ. ಅದು ಭುಜಗಳ ನೇರಕ್ಕಿದ್ದರೆ ಎಲುಬಿನ ಕಂಬವೇ ಹೊರುತ್ತದೆ. ಮುಂದಕ್ಕೆ ಬಾಗಿದಷ್ಟೂ ಹಿಂಬದಿಯ ಸ್ನಾಯುಗಳು ಎಳೆದು ಹಿಡಿಯಬೇಕಾಗುತ್ತದೆ. ನ್ಯೂಯಾರ್ಕಿನ ಬೆನ್ನೆಲುಬಿನ ಶಸ್ತ್ರವೈದ್ಯ ಕೆನ್ನೆತ್ ಹನ್ಸರಾಜ್ 2014ರಲ್ಲಿ ಮಾಡಿದ ಲೆಕ್ಕಾಚಾರದಂತೆ, 60 ಡಿಗ್ರಿ ಬಾಗಿದ ತಲೆ ಕುತ್ತಿಗೆಯ ಮೇಲೆ ಸುಮಾರು 27 ಕಿಲೋಗ್ರಾಂನಷ್ಟು ಒತ್ತಡ ಹಾಕುತ್ತದೆ. ಇದು ಮಾದರಿಯ ಮೇಲೆ ಮಾಡಿದ ಗಣಿತ, ಮಕ್ಕಳ ಕುತ್ತಿಗೆಯಲ್ಲಿ ಅಳೆದು ನೋಡಿದ್ದಲ್ಲ. ಆದರೂ ಸನ್ನೆಗೋಲಿನ ಪಾಠ ಮಾಡುವ ಶಿಕ್ಷಕರಿಗೆ ಒಳ್ಳೆಯ ಉದಾಹರಣೆ.

ಚೆಕ್ ದೇಶದ ವೈದ್ಯ ವ್ಲಾದಿಮಿರ್ ಯಾಂಡ (1928–2002) ಬಾಗಿದ ಮೇಲ್ಬೆನ್ನಿನಲ್ಲಿ ಸ್ನಾಯುಗಳ ಒಂದು ನಿಶ್ಚಿತ ವಿನ್ಯಾಸವನ್ನು ಗುರುತಿಸಿದರು. ಎದೆಯ ಮುಂಭಾಗದ ಸ್ನಾಯುಗಳೂ ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಸ್ನಾಯುಗಳೂ ಬಿಗಿಯಾಗುತ್ತವೆ. ಗಂಟಲಿನ ಹಿಂದಿನ ಆಳದ ಸ್ನಾಯುಗಳೂ ಭುಜದ ಹಲಗೆ ಎಲುಬುಗಳನ್ನು ಕೆಳಕ್ಕೆಳೆದು ಹಿಡಿಯುವ ಸ್ನಾಯುಗಳೂ ಸಡಿಲಗೊಳ್ಳುತ್ತವೆ. ಪಕ್ಕದಿಂದ ನೋಡಿ ಗೆರೆ ಎಳೆದರೆ ಬಿಗಿಯೂ ಸಡಿಲವೂ ಒಂದನ್ನೊಂದು ಅಡ್ಡಹಾಯುವ ಎರಡು ಗೆರೆಗಳಾಗುತ್ತವೆ. ಯಾಂಡರ ಮುಖ್ಯ ಮಾತು ಮುಂದಿನದು: ಸಡಿಲಗೊಂಡ ಸ್ನಾಯುವಿಗೆ ಬಲ ಕೊಡುವ ಮೊದಲು ಅದಕ್ಕೆ ಎಚ್ಚರ ಕೊಡಬೇಕು. ಹದಿಹರೆಯದಲ್ಲಿ ಪೋಲಿಯೊಗೆ ತುತ್ತಾಗಿದ್ದ ಅವರಿಗೆ ಸ್ನಾಯುವಿನ ಬಲಾಬಲದ ಪರಿಚಯ ಸ್ವಂತದ್ದಾಗಿತ್ತು. ಅಂಗಾಲಿನಿಂದ ಆರಂಭಿಸಿ, ಸ್ಥಿರವಾಗಿ ನಿಲ್ಲುವುದು, ಅಲುಗುವ ನೆಲದ ಮೇಲೆ ನಿಲ್ಲುವುದು, ಚಲಿಸುತ್ತ ಸಮತೋಲನ ಕಾಯುವುದು ಎಂಬ ಕ್ರಮದಲ್ಲಿ ಅವರು ತರಬೇತಿಯನ್ನು ರೂಪಿಸಿದರು. ಅದಕ್ಕೂ ಮೊದಲೇ, 1965ರಲ್ಲಿ, ಲಂಡನ್ನಿನ ಮೈಕೆಲ್ ಫ್ರೀಮನ್ ಮತ್ತು ಸಂಗಡಿಗರು ಉಳುಕಿ ಗುಣವಾದ ಮೇಲೆಯೂ ಪಾದ ಪದೇ ಪದೇ ಹೊರಳುವವರಿಗೆ ಅಲುಗುವ ಹಲಗೆಯ ಮೇಲೆ ನಿಲ್ಲುವ ಅಭ್ಯಾಸ ಮಾಡಿಸಿ ಪ್ರಯೋಜನ ಕಂಡಿದ್ದರು. ಅಲ್ಲಿಯೂ ಕೆಟ್ಟಿದ್ದುದು ಕಾಲಿನ ಬಲವಲ್ಲ, ಕಾಲಿನಿಂದ ಬರುವ ವರದಿ.

ಬೆನ್ನಿನ ವಿಷಯದಲ್ಲಿ ಗಮನಿಸಬೇಕಾದ ಕೆಲಸ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ನಡೆದಿದೆ. ಮೂಳೆ ಸವೆದು ಬೆನ್ನು ಬಾಗಿದ ವಯಸ್ಸಾದ ಮಹಿಳೆಯರಿಗೆ ವೈದ್ಯೆ ಮೆಹ್ರ್‌ಶೀದ್ ಸಿನಾಕಿ ಮತ್ತು ಅವರ ಸಂಗಡಿಗರು, ಭುಜದ ಹಲಗೆ ಎಲುಬುಗಳ ಕೆಳಗೆ ಸಣ್ಣ ತೂಕವೊಂದು ತೂಗುವಂತೆ ಪಟ್ಟಿ ತೊಡಿಸಿ, ಬೆನ್ನು ಹಿಂದಕ್ಕೆತ್ತುವ ವ್ಯಾಯಾಮವನ್ನು ಹೇಳಿಕೊಟ್ಟರು. ಬೆನ್ನನ್ನು ಬಲದಿಂದ ನೆಟ್ಟಗೆ ಮಾಡುವಷ್ಟು ಭಾರವೇನೂ ಅದಲ್ಲ. ಬೆನ್ನು ಎಲ್ಲಿದೆ ಎಂದು ಬೆನ್ನಿಗೇ ನೆನಪಿಸುವುದು ಅದರ ಕೆಲಸ. 2005ರಲ್ಲಿ ಪ್ರಕಟವಾದ ವರದಿಯಂತೆ ನಾಲ್ಕು ವಾರಗಳ ಅಭ್ಯಾಸದ ಅನಂತರ ಅವರ ಸಮತೋಲನ ಸುಧಾರಿಸಿತು, ಬೆನ್ನುನೋವೂ ಬೀಳುವ ಅಪಾಯವೂ ತಗ್ಗಿದವು. ಅಭ್ಯಾಸ ಮಾಡಿದವರು ಕೆಲವೇ ಮಂದಿ ಮತ್ತು ಹಿರಿಯರು. ಮಕ್ಕಳಿಗೆ ಆ ಪಟ್ಟಿಯನ್ನು ತೊಡಿಸಬೇಕೆಂದು ಇದರ ಅರ್ಥವಲ್ಲ. ಶಾಲೆಗೆ ಬೇಕಾದುದು ಅದರ ಹಿಂದಿನ ತತ್ತ್ವ.

ಅಭ್ಯಾಸಕ್ಕೆ ಮುನ್ನ

ಎಲ್ಲ ಬಾಗೂ ರೂಢಿಯಿಂದ ಬಂದದ್ದಲ್ಲ. ಈ ಭೇದವನ್ನು ತಿಳಿಯದೆ ವ್ಯಾಯಾಮ ಆರಂಭಿಸಬಾರದು. ಮಗುವನ್ನು ಬೋರಲಾಗಿ ಮಲಗಿಸಿ ತಲೆಯನ್ನೂ ಎದೆಯನ್ನೂ ತುಸು ಮೇಲೆತ್ತಲು ಹೇಳಿದಾಗ ಬಾಗು ಮಾಯವಾದರೆ ಅದು ರೂಢಿಯ ಬಾಗು. ಮಾಯವಾಗದೆ ಗಟ್ಟಿಯಾಗಿ ಉಳಿದರೆ, ಅಥವಾ ನಿಂತು ಮುಂದಕ್ಕೆ ಬಗ್ಗಿದಾಗ ಪಕ್ಕದಿಂದ ನೋಡುವವರಿಗೆ ಮೇಲ್ಬೆನ್ನಿನಲ್ಲಿ ಚೂಪಾದ ಕೋನ ಕಂಡರೆ, ಮಣಿಗಳ ಆಕಾರವೇ ಬದಲಾಗಿರಬಹುದು. ಬೆಳೆಯುವ ವಯಸ್ಸಿನಲ್ಲಿ ಕೆಲವರ ಮಣಿಗಳು ಮುಂಭಾಗದಲ್ಲಿ ಕುಗ್ಗಿ ಬೆಣೆಯಾಕಾರ ತಾಳುತ್ತವೆ. ಡೆನ್ಮಾರ್ಕಿನ ವೈದ್ಯ ಹೋಲ್ಗರ್ ಶಾಯರ್ಮನ್ 1920ರ ಸುಮಾರಿಗೆ ವರ್ಣಿಸಿದ ಈ ಸ್ಥಿತಿ ಈಗ ಅವರ ಹೆಸರಿನಲ್ಲೇ ಪರಿಚಿತವಾಗಿದೆ. ಮುಂದಕ್ಕೆ ಬಗ್ಗಿದಾಗ ಬೆನ್ನಿನ ಒಂದು ಪಕ್ಕ ಮಾತ್ರ ಎತ್ತರವಾಗಿ ಕಂಡರೆ ಅದು ಪಕ್ಕಕ್ಕೆ ತಿರುಚಿದ ಬೆನ್ನೆಲುಬಿನ ಗುರುತು. ಇವೆರಡನ್ನೂ ‘ಕೂರುವ ಕ್ರಮ ಸರಿಯಿಲ್ಲ’ ಎಂದು ಗದರಿ ವರ್ಷ ಕಳೆದರೆ, ಬೆಳವಣಿಗೆ ಮುಗಿಯುವುದರೊಳಗೆ ದೊರೆಯಬೇಕಾದ ಚಿಕಿತ್ಸೆ ತಪ್ಪಿಹೋಗುತ್ತದೆ.

ಇನ್ನೂ ಆತುರದ ವಿಷಯ ಬೆನ್ನೆಲುಬಿನ ಕ್ಷಯ. ನಮ್ಮ ದೇಶದಲ್ಲಿ ಅದು ಇನ್ನೂ ಇದೆ. ರಾತ್ರಿ ನಿದ್ದೆಗೆಡಿಸುವ ಬೆನ್ನುನೋವು, ಬಿಡದ ಜ್ವರ, ತೂಕ ಇಳಿಯುವುದು, ಬೆನ್ನಿನ ಒಂದೇ ಜಾಗದಲ್ಲಿ ಗಂಟಿನಂತೆ ಚಾಚಿದ ಎಲುಬು, ಕಾಲುಗಳಲ್ಲಿ ಬಲಹೀನತೆ ಅಥವಾ ಜೋಮು, ಮೂತ್ರದ ಹಿಡಿತ ತಪ್ಪುವುದು: ಇವುಗಳಲ್ಲಿ ಯಾವುದು ಕಂಡರೂ ಆ ಮಗುವಿಗೆ ವ್ಯಾಯಾಮವಿಲ್ಲ, ತಡಮಾಡದೆ ಆಸ್ಪತ್ರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಆರೋಗ್ಯ ತಂಡ ಶಾಲೆಗೆ ಬಂದಾಗ ಸಂದೇಹವಿರುವ ಮಕ್ಕಳನ್ನು ತೋರಿಸಬಹುದು. ಮೇಲಿನ ಲಕ್ಷಣಗಳಿದ್ದರೆ ಅದುವರೆಗೂ ಕಾಯಬಾರದು.

ವೈದ್ಯರಿಗೆ ಚೀಟಿ ಬರೆಯುವಾಗ ಗಡಿಯಾಚೆಯ ಶಿಕ್ಷಕರಿಗೆ ಒಂದು ಅನುಕೂಲವಿದೆ. ಕನ್ನಡದ ಗೂನು ತಮಿಳಿನಲ್ಲಿ ಕೂನ್, ಮಲಯಾಳದಲ್ಲಿ ಕೂನ್, ತೆಲುಗಿನಲ್ಲಿ ಗೂನು, ಹೇಳಿದರೆ ಅರ್ಥವಾಗುತ್ತದೆ. ಮರಾಠಿಯಲ್ಲಿ ಎಲುಬಿನ ಗೂನಿಗೆ ಕುಬಡ ಎಂದೂ, ಬಗ್ಗಿ ಕೂರುವ ರೂಢಿಗೆ ಪೋಕ ಎಂದೂ ಬೇರೆ ಬೇರೆ ಪದಗಳಿವೆ. ಈ ಲೇಖನದ ಅರ್ಧ ವಿಷಯ ಆ ಎರಡು ಪದಗಳ ಅಂತರದಲ್ಲಿದೆ. ಆದರೆ ಇದೇ ಪದಗಳು ತರಗತಿಯಲ್ಲಿ ಅಡ್ಡಹೆಸರುಗಳಾಗುತ್ತವೆ. ರಾಮಾಯಣದ ಪಾಠ ಬಂದ ವಾರದಲ್ಲಿ ಬಾಗಿದ ಬೆನ್ನಿನ ಹುಡುಗಿಗೆ ಮಂಥರೆಯ ಹೆಸರು ಬೀಳುವುದು ಅಪರೂಪವಲ್ಲ. ಅಂಥ ತರಗತಿಯಲ್ಲಿ ಭಾಗವತದ ಕುಬ್ಜೆಯ ಕಥೆಯನ್ನೂ ಹೇಳಬೇಕು. ಅಲ್ಲಿ ಕೃಷ್ಣನು ಅವಳ ಪಾದಗಳನ್ನು ತನ್ನ ಪಾದದಿಂದ ಒತ್ತಿ ಹಿಡಿದು, ಎರಡು ಬೆರಳುಗಳಿಂದ ಗಲ್ಲವನ್ನು ಮೇಲೆತ್ತುತ್ತಾನೆ. ಮೊದಲು ಪಾದ ನೆಲಕ್ಕೆ, ಆಮೇಲೆ ತಲೆ ಮೇಲಕ್ಕೆ. ಯಾಂಡರ ಕ್ರಮವೂ ಅದೇ ಎಂಬುದು ಸ್ವಾರಸ್ಯದ ಆಕಸ್ಮಿಕ.

ಹದಿಹರೆಯದ ಹುಡುಗಿಯರು ಮೈಯ ಬದಲಾವಣೆಯನ್ನು ಮರೆಮಾಡಲು ಭುಜಗಳನ್ನು ಮುಂದಕ್ಕೆ ಸುತ್ತಿಕೊಳ್ಳುತ್ತಾರೆ. ಓರಗೆಯವರಿಗಿಂತ ಬೇಗ ಎತ್ತರವಾದ ಹುಡುಗ ತಲೆ ತಗ್ಗಿಸುತ್ತಾನೆ. ಇವರನ್ನು ಎಲ್ಲರೆದುರು ನಿಲ್ಲಿಸಿ ‘ಎದೆಯೆತ್ತಿ ನಿಲ್ಲು’ ಎಂದರೆ ಬೆನ್ನು ಇನ್ನಷ್ಟು ಬಾಗುತ್ತದೆ. ಅಭ್ಯಾಸವನ್ನು ಇಡೀ ತರಗತಿಗೆ ಮಾಡಿಸಬೇಕು. ಯಾರಿಗಾಗಿ ಮಾಡಿಸುತ್ತಿದ್ದೇವೆ ಎಂಬುದು ಶಿಕ್ಷಕರಿಗೆ ಮಾತ್ರ ತಿಳಿದಿರಲಿ.

ಗೋಡೆ, ಸಿಂಬೆ, ಒಂಟಿಕಾಲು

ಮೊದಲ ಸಾಧನ ಗೋಡೆ. ಹಿಮ್ಮಡಿಗಳನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಿಟ್ಟು, ಪೃಷ್ಠವೂ ಮೇಲ್ಬೆನ್ನೂ ತಾಗುವಂತೆ ನಿಂತು, ಗಲ್ಲವನ್ನು ತುಸು ಒಳಕ್ಕೆ ತಂದು ತಲೆಯ ಹಿಂಭಾಗವನ್ನು ಗೋಡೆಗೆ ತಾಗಿಸಲು ಯತ್ನಿಸಬೇಕು. ತಾಗದಿದ್ದರೆ ಬಲವಂತ ಬೇಡ. ಗಲ್ಲವನ್ನು ಮೇಲೆತ್ತಿ ತಾಗಿಸುವುದು ಮೋಸ. ಹತ್ತು ಉಸಿರಿನಷ್ಟು ಹೊತ್ತು ನಿಂತು, ಅದೇ ಸ್ಥಿತಿಯಲ್ಲಿ ಒಂದು ಹೆಜ್ಜೆ ಮುಂದೆ ಬಂದು, ಕಣ್ಣು ಮುಚ್ಚಿ ನಿಲ್ಲಬೇಕು. ಮತ್ತೆ ಹಿಂದೆ ಸರಿದು, ಎಷ್ಟು ತಪ್ಪಿದೆ ಎಂದು ಗೋಡೆಯಿಂದಲೇ ತಿಳಿಯಬೇಕು. ತಿದ್ದುವವರು ಗುರುಗಳಾದರೆ ಮಗು ಗುರುಗಳ ಮುಖ ನೋಡುತ್ತದೆ. ಗೋಡೆಯಾದರೆ ತನ್ನ ಬೆನ್ನನ್ನೇ ಗಮನಿಸುತ್ತದೆ. ಮಕ್ಕಳ ಮೈಮುಟ್ಟಿ ತಿದ್ದುವ ಪ್ರಸಂಗವೂ ಇದರಿಂದ ತಪ್ಪುತ್ತದೆ.

ಜೊತೆಯ ಮಗು ದಾರದ ತುದಿಗೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟರೆ ಇನ್ನೊಂದು ಪರೀಕ್ಷೆಯಾಯಿತು. ಸರಿಯಾಗಿ ನಿಂತವರಲ್ಲಿ ದಾರವು ಕಿವಿ, ಭುಜದ ತುದಿ, ಸೊಂಟದ ಕೀಲುಗಳ ನೇರಕ್ಕೆ ಹಾದು ಪಾದದ ಹೊರಗಂಟಿನ ತುಸು ಮುಂದೆ ಇಳಿಯುತ್ತದೆ. ಗುರುತ್ವದ ಪಾಠಕ್ಕೂ ಇದು ಒದಗುತ್ತದೆ.

ಎರಡನೆಯದು ಪಾದ. ಬರಿಗಾಲಿನಲ್ಲಿ ನಿಂತು ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ ಎಂಬ ಮೂರು ಬಿಂದುಗಳ ಮೇಲೆ ಭಾರ ಸಮನಾಗಿ ಬೀಳುವುದನ್ನು ಗಮನಿಸಬೇಕು. ಬಾಗಿದ ಬೆನ್ನಿನ ಮಕ್ಕಳು ಸಾಮಾನ್ಯವಾಗಿ ಬೆರಳುಗಳಿಂದ ನೆಲವನ್ನು ಕಚ್ಚಿ ಹಿಡಿದಿರುತ್ತಾರೆ, ಮುಂದೆ ಚಾಚಿದ ತಲೆಯನ್ನು ಸರಿದೂಗಿಸಲು. ಬೆರಳುಗಳನ್ನು ಸಡಿಲಬಿಟ್ಟು, ಅಂಗಾಲಿನ ಕಮಾನನ್ನು ತುಸು ಮೇಲೆಳೆದು, ಅನಂತರ ಒಂಟಿಕಾಲಿನಲ್ಲಿ ನಿಲ್ಲಬೇಕು. ಆರಂಭದಲ್ಲಿ ಹತ್ತು ಎಣಿಸುವವರೆಗೆ, ಕ್ರಮೇಣ ಮೂವತ್ತರವರೆಗೆ. ಅದು ಸುಲಭವಾದ ಮೇಲೆ ಮಡಚಿದ ಗೋಣಿಚೀಲದ ಮೇಲೆ. ಅದೂ ಸುಲಭವಾದ ಮೇಲೆ ಗೋಡೆಯ ಪಕ್ಕದಲ್ಲಿ ಕಣ್ಣು ಮುಚ್ಚಿ. ಕಣ್ಣು ಮುಚ್ಚಿದಾಗ ಮೆದುಳು ಅಂಗಾಲು, ಬೆನ್ನು, ಒಳಕಿವಿಗಳ ವರದಿಯನ್ನೇ ನಂಬಬೇಕಾಗುತ್ತದೆ. ಈ ಅಭ್ಯಾಸದ ತಿರುಳು ಅಲ್ಲಿದೆ. ಪಾದದ ಅಭ್ಯಾಸಕ್ಕೂ ಮೇಲ್ಬೆನ್ನಿಗೂ ಏನು ಸಂಬಂಧವೆಂದು ಕೇಳುವವರಿಗೆ ಉತ್ತರ ಹೀಗೆ: ಆಧಾರ ಕಿರಿದಾದಷ್ಟೂ ತಲೆ, ಎದೆ, ಸೊಂಟಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ವಿಧಿಯಿಲ್ಲ. ಬೆನ್ನೆಲುಬಿಗೆ ಒತ್ತಿಕೊಂಡಿರುವ ಆಳದ ಸ್ನಾಯುಗಳು ‘ಬಿಗಿಯಾಗು’ ಎಂಬ ಆಜ್ಞೆಗೆ ಓಗೊಡುವುದಿಲ್ಲ. ಸಮತೋಲನ ತಪ್ಪುವ ಹೊತ್ತಿಗೆ ತಾವಾಗಿಯೇ ಎಚ್ಚರಗೊಳ್ಳುತ್ತವೆ.

ಮೂರನೆಯದು ಸಿಂಬೆ. ಕೊಡ ಹೊರುವಾಗ ತಲೆಯ ಮೇಲಿಡುವ ಬಟ್ಟೆಯ ಸುರುಳಿ ಊರಿನ ಮನೆಗಳಲ್ಲಿ ಇಂದಿಗೂ ಸಿಗುತ್ತದೆ. ಸಿಗದಿದ್ದರೆ ಹಳೆಯ ಟವೆಲನ್ನು ಸುತ್ತಿದರಾಯಿತು. ಬರೀ ಸಿಂಬೆಯನ್ನು ನೆತ್ತಿಯ ಮೇಲಿಟ್ಟುಕೊಂಡು ನಡೆಯುವುದು, ತಿರುಗುವುದು, ಕುರ್ಚಿಯಿಂದ ಏಳುವುದು, ಕುಳಿತು ಒಂದು ಪುಟ ಓದುವುದು. ತಲೆ ಮುಂದಕ್ಕೆ ಜಾರಿದ ಕ್ಷಣವೇ ಸಿಂಬೆ ಬೀಳುತ್ತದೆ. ಯಾರೂ ಗದರಲಿಲ್ಲ, ಯಾರೂ ನಗಲಿಲ್ಲ. ಆದರೂ ಸುದ್ದಿ ಮುಟ್ಟಿತು. ಮೇಯೊ ಕ್ಲಿನಿಕ್ಕಿನ ಸಣ್ಣ ತೂಕ ಮಾಡುವ ಕೆಲಸಕ್ಕೂ ಇದಕ್ಕೂ ಹತ್ತಿರದ ನೆಂಟಸ್ತನವಿದೆ. ತುಂಬಿದ ಕೊಡ ಮಾತ್ರ ಬೇಡ. ಬೆಳೆಯುವ ಕುತ್ತಿಗೆಗೆ ಆ ಭಾರ ಹಿತವಲ್ಲ. ನೀರು ಹೊರುವವರ ನಡಿಗೆಯ ಸೊಗಸನ್ನು ಹೊಗಳುವವರು ಅವರ ಕುತ್ತಿಗೆಯ ನೋವನ್ನು ವಿಚಾರಿಸುವುದು ಕಡಿಮೆ.

ಮೊಣಕೈ ಮೊಣಕಾಲು ಊರದೆ, ಅಂಗೈ ಮತ್ತು ಮೊಣಕಾಲುಗಳ ಮೇಲೆ ಎಂದು ಸ್ಪಷ್ಟವಾಗಿ ಹೇಳಿ ಮಕ್ಕಳನ್ನು ದನದಂತೆ ನಿಲ್ಲಿಸಿ, ಅದೇ ಸಿಂಬೆಯನ್ನು ಮೇಲ್ಬೆನ್ನಿನ ನಡುವೆ ಇಟ್ಟು, ಬಲಗೈ ಮತ್ತು ಎಡಗಾಲನ್ನು ನಿಧಾನವಾಗಿ ಚಾಚಿಸಬೇಕು. ಬಳಿಕ ಎಡಗೈ, ಬಲಗಾಲು. ಕಡೆಯದಾಗಿ ಬೋರಲು ಮಲಗಿ, ಕೈಗಳನ್ನು ಪಕ್ಕದಲ್ಲಿಟ್ಟು, ಗಲ್ಲವನ್ನು ಒಳಗಿಟ್ಟೇ ಎದೆಯನ್ನು ನೆಲದಿಂದ ನಾಲ್ಕು ಬೆರಳು ಎತ್ತಿ ಐದು ಎಣಿಸಿ ಇಳಿಸುವುದು, ಎಂಟು ಸಲ. ಭುಜಂಗಾಸನ ಬಲ್ಲ ಮಕ್ಕಳು ಕೈಯೂರಿ ಎತ್ತರಕ್ಕೇರಲು ಹಾತೊರೆಯುತ್ತಾರೆ. ಇಲ್ಲಿ ಎತ್ತರ ಬೇಕಾಗಿಲ್ಲ. ಎದೆಯ ಮುಂಭಾಗ ಬಿಗಿಯಾಗಿರುವವರಿಗೆ ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈಗಳನ್ನು ಒರಗಿಸಿ ಒಂದು ಹೆಜ್ಜೆ ಮುಂದೆ ವಾಲುವುದೂ ಅಗತ್ಯ. ಬಿಗಿದ ಸ್ನಾಯು ಸಮತೋಲನದ ಅಭ್ಯಾಸದಿಂದ ಮಾತ್ರ ಸಡಿಲವಾಗುವುದಿಲ್ಲ.

ಇಷ್ಟಕ್ಕೂ ದಿನಕ್ಕೆ ಎಂಟು ಹತ್ತು ನಿಮಿಷ ಸಾಕು. ಪ್ರಾರ್ಥನೆಯ ಅನಂತರ ಐದು ನಿಮಿಷ, ಮಧ್ಯಾಹ್ನದ ಮೊದಲ ಅವಧಿಯ ಆರಂಭದಲ್ಲಿ ಐದು ನಿಮಿಷ. ವಾರಕ್ಕೊಮ್ಮೆ ಒಂದು ಗಂಟೆ ಮಾಡಿಸುವುದಕ್ಕಿಂತ ಇದು ಮೇಲು, ಏಕೆಂದರೆ ಅಳತೆಗೋಲು ತಿದ್ದಿಕೊಳ್ಳುವುದು ಪುನರಾವರ್ತನೆಯಿಂದ. ತಲೆಸುತ್ತು, ನೋವು, ಜೋಮು ಕಂಡರೆ ನಿಲ್ಲಿಸಬೇಕು. ಬಾಗಿದ ಬೆನ್ನಿನವರೆಲ್ಲರಿಗೂ ಮುಂದೆ ನೋವು ಬಂದೇ ಬರುತ್ತದೆಂದು ಹೆದರಿಸಲೂಬಾರದು. ಹಾಗೆ ಹೇಳಲು ಆಧಾರವಿಲ್ಲ.

ತರಗತಿಯ ಒಳಗೆ

ಕಾರಣವನ್ನು ಹಾಗೆಯೇ ಉಳಿಸಿಕೊಂಡು ವ್ಯಾಯಾಮ ಮಾಡಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ನೆಲದ ಮೇಲೆ ಕುಳಿತು ನೆಲದ ಮೇಲೆಯೇ ಪುಸ್ತಕವಿಟ್ಟು ಬರೆಯುವ ಮಗುವಿಗೆ ಬಾಗದೆ ಬೇರೆ ದಾರಿಯಿಲ್ಲ. ಒಂದು ಮಣೆಯೋ ಮರದ ಪೆಟ್ಟಿಗೆಯೋ ಪುಸ್ತಕವನ್ನು ಒಂದು ಗೇಣು ಮೇಲೆತ್ತಿದರೆ ಅರ್ಧ ಕೆಲಸವಾಯಿತು. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ನಡೆಯುವ ಶಾಲೆಗಳಲ್ಲಿ ಬೆಂಚುಗಳೆಲ್ಲ ಒಂದೇ ಎತ್ತರ. ಪಾದ ನೆಲಕ್ಕೆ ತಾಗದ ಪುಟ್ಟವರ ಕಾಲಡಿಗೆ ಇಟ್ಟಿಗೆಗಳನ್ನಾದರೂ ಇಡಬೇಕು. ಕುತ್ತಿಗೆ ಚಾಚಿ ಹಲಗೆ ನೋಡುವ ಮಗುವಿನ ಬೆನ್ನಿಗಿಂತ ಮೊದಲು ಕಣ್ಣನ್ನು ಪರೀಕ್ಷೆ ಮಾಡಿಸಬೇಕು. ಕನ್ನಡ ಮಾಧ್ಯಮದ ಮಕ್ಕಳ ಚೀಲದಲ್ಲಿ ಕನ್ನಡ, ಇಂಗ್ಲಿಷುಗಳ ಜೊತೆಗೆ ಆಯಾ ರಾಜ್ಯಭಾಷೆಯ ಪುಸ್ತಕವೂ ಇರುತ್ತದೆ. ಕೇಂದ್ರ ಸರ್ಕಾರದ 2020ರ ಶಾಲಾಚೀಲ ನೀತಿಯ ಪ್ರಕಾರ ಚೀಲದ ತೂಕ ಮಗುವಿನ ತೂಕದ ಹತ್ತರಲ್ಲೊಂದು ಪಾಲನ್ನು ಮೀರಬಾರದು. ಮೂವತ್ತು ಕಿಲೋಗ್ರಾಂ ತೂಗುವ ಮಗುವಿಗೆ ಮೂರು ಕಿಲೋಗ್ರಾಂ. ಯಾವ ದಿನ ಯಾವ ಪುಸ್ತಕ ಬೇಡವೆಂದು ಹಿಂದಿನ ಸಂಜೆಯೇ ಹೇಳುವುದರಿಂದ ಎಷ್ಟೋ ಭಾರ ಇಳಿಯುತ್ತದೆ. ಅತಿ ಸರಿಯಾದ ಭಂಗಿಯಲ್ಲಿಯೂ ನಲವತ್ತು ನಿಮಿಷ ಅಲುಗದೆ ಕೂರುವುದು ಬೆನ್ನಿಗೆ ಒಳ್ಳೆಯದಲ್ಲ. ಅವಧಿಯ ನಡುವೆ ಒಮ್ಮೆ ಎದ್ದು ನಿಂತು ಪದ್ಯ ಹೇಳಿಸಿದರೆ ಪಾಠಕ್ಕೆ ನಷ್ಟವಿಲ್ಲ.

ಆಟದ ಅವಧಿಗೆ ಕುಂಟೆಬಿಲ್ಲೆಯಷ್ಟು ಒದಗುವುದು ಬೇರೊಂದಿಲ್ಲ. ಒಂಟಿಕಾಲು, ಕಿರಿದಾದ ಮನೆ, ಬಗ್ಗಿ ಬಿಲ್ಲೆ ಎತ್ತುವುದು, ತಿರುಗುವುದು: ಸಮತೋಲನದ ಪಾಠವೆಲ್ಲ ಅದರಲ್ಲಿದೆ. ಅದನ್ನು ತೆಲುಗಿನ ಮಕ್ಕಳು ತೊಕ್ಕುಡು ಬಿಳ್ಳ ಎಂದೂ, ತಮಿಳಿನವರು ಪಾಂಡಿ ಎಂದೂ, ಮಲಯಾಳದವರು ಕಕ್ಕುಕಳಿ ಎಂದೂ ಕರೆಯುತ್ತಾರೆ. ಮರಾಠಿಯ ಲಂಗಡಿ ಒಂಟಿಕಾಲಿನಲ್ಲಿ ಅಟ್ಟಿಸಿಕೊಂಡು ಹೋಗುವ ಆಟ. ಮನೆಯಲ್ಲಿ ಬೇರೆ ಭಾಷೆಯಾಡುವ ಮಗುವಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಹುಡುಗಿಯರ ಆಟವೆಂದು ಹುಡುಗರು ದೂರ ನಿಲ್ಲುವುದುಂಟು. ಶಿಕ್ಷಕರು ತಾವೇ ಒಮ್ಮೆ ಕುಂಟಿದರೆ ಆ ಸಂಕೋಚ ಹೋಗುತ್ತದೆ.

ಪ್ರಗತಿಯನ್ನು ಅಳೆಯಲು ಗೋಡೆಯೇ ಸಾಕು. ತಿಂಗಳಿಗೊಮ್ಮೆ, ಗೋಡೆಗೆ ಬೆನ್ನುಕೊಟ್ಟು ದೃಷ್ಟಿ ನೇರವಿಟ್ಟು ನಿಂತ ಮಗುವಿನ ತಲೆಗೂ ಗೋಡೆಗೂ ನಡುವೆ ಎಷ್ಟು ಬೆರಳು ಅಂತರವಿದೆ ಎಂದು ನೋಡಿ, ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ಎಷ್ಟು ಎಣಿಕೆ ನಿಂತಿತು ಎಂಬುದರೊಡನೆ ಬರೆದಿಡಬೇಕು. ಮೊದಲ ತಿಂಗಳಲ್ಲಿ ಎರಡನೆಯ ಸಂಖ್ಯೆ ಮಾತ್ರ ಬದಲಾಗಬಹುದು. ಬೆರಳಿನ ಲೆಕ್ಕ ನಿಧಾನವಾಗಿ ಹಿಂಬಾಲಿಸುತ್ತದೆ. ಮಗುವನ್ನು ಅದರ ಹಿಂದಿನ ತಿಂಗಳಿನೊಡನೆ ಮಾತ್ರ ಹೋಲಿಸಬೇಕು. ಆ ಪಟ್ಟಿಯನ್ನು ತರಗತಿಯ ಗೋಡೆಗೆ ಅಂಟಿಸದೆ ಶಿಕ್ಷಕರ ಮೇಜಿನ ಒಳಗೆ ಇಡುವುದು ಸರಿ.